ಪಾಠಕ್ಕಿಂತ ಮೊದಲು ಕೈ ಕಲಿತದ್ದು

ಹಾಸ್ಟೆಲ್ ಗೆಳೆಯನ ಕಂಪ್ಯೂಟರಿನಲ್ಲಿ 'ಸ್ಟ್ರೀಟ್ ಫೈಟರ್ 6' ಆಡಲು ಕೂತಾಗ, ಸಂಶೋಧಕನ ಅಭ್ಯಾಸಬಲದಿಂದ ಮೊದಲು ಅದರ ಪಾಠಗಳನ್ನೆಲ್ಲ ಓದಿ ಮುಗಿಸಿದೆ. ಹೊಡೆತ ತಡೆಯುವುದು, ಹಿಡಿದು ಎಸೆಯುವುದು, ಒಂದು ಹೊಡೆತಕ್ಕೆ ಇನ್ನೊಂದನ್ನು ಪೋಣಿಸುವುದು, ಎಲ್ಲವೂ ಎರಡು ಸಂಜೆಗಳಲ್ಲಿ ಬಂತು. ಮೂರನೆಯ ಸಂಜೆ ಜೂನಿಯರ್ ಒಬ್ಬನ ಎದುರು ಸಾಲಾಗಿ ಹತ್ತು ಆಟ ಸೋತೆ. ಅವನು ಆ ಪಾಠಗಳನ್ನು ತೆರೆದೂ ನೋಡಿರಲಿಲ್ಲ. "ಅಣ್ಣಾ, ನೀವು ನಿಮ್ಮ ಕೈಯನ್ನೇ ನೋಡ್ಕೋತಿದೀರಿ, ನನ್ನನ್ನ ನೋಡ್ತಾನೇ ಇಲ್ಲ" ಎಂದ.

ಆ ಮಾತಿನ ಹಿಂದೆ ಬಿದ್ದು ನಾನು ಈ ಆಟಗಳ ಇತಿಹಾಸಕ್ಕೆ ಬಂದೆ. 1991ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ 'ಸ್ಟ್ರೀಟ್ ಫೈಟರ್ 2' ಯಂತ್ರಗಳನ್ನು ಆರ್ಕೇಡ್‌ಗಳಿಗೆ ಬಿಟ್ಟಾಗ, ಕಲಿಸುವ ಸಾಮಗ್ರಿ ಎಂದರೆ ಯಂತ್ರದ ಮೇಲೆ ಅಂಟಿಸಿದ ಒಂದು ಹಾಳೆ. ಜಾಯ್‌ಸ್ಟಿಕ್ಕನ್ನು ಕೆಳಕ್ಕೆ, ಓರೆಗೆ, ಮುಂದಕ್ಕೆ ಉರುಳಿಸಿ ಗುದ್ದಿನ ಬಟನ್ ಒತ್ತಿದರೆ ಬೆಂಕಿಯುಂಡೆ ಹಾರುತ್ತದೆ ಎನ್ನುವಂಥ ಕೆಲವು ಪಟ್ಟುಗಳು ಅದರಲ್ಲಿದ್ದವು. ಯಾವಾಗ ಹಾರಿಸಬೇಕು ಎಂಬುದು ಇರಲಿಲ್ಲ. ಅದನ್ನು ಕಲಿಯಲು ನಾಣ್ಯ ಹಾಕಿ ಸೋಲಬೇಕಿತ್ತು, ಗೆದ್ದವನ ಭುಜದ ಹಿಂದೆ ನಿಂತು ನೋಡಬೇಕಿತ್ತು.

ಇಂದು ಇಂಥ ಆಟಗಳ ಜೀವಾಳವಾಗಿರುವ ಕಾಂಬೋ, ಅಂದರೆ ಎದುರಾಳಿಗೆ ತಡೆಯಲು ಬಿಡುವೇ ಕೊಡದ ಹೊಡೆತಗಳ ಸರಣಿ, ಆ ಹಾಳೆಯಲ್ಲಿ ಇರಲಿಲ್ಲ. ಅದು ಯೋಜಿಸಿ ಮಾಡಿದ್ದೂ ಅಲ್ಲ. ನಿರ್ಮಾಣದ ವೇಳೆ ನೊರಿಟಾಕ ಫುನಾಮಿಜು ಅದನ್ನು ಗಮನಿಸಿದ್ದರು. ಸಮಯ ಹೊಂದಿಸುವುದು ತೀರಾ ಕಷ್ಟ, ಯಾರಿಗೂ ಅಷ್ಟಾಗಿ ಉಪಯೋಗಕ್ಕೆ ಬರದು ಎಂದುಕೊಂಡು ಹಾಗೆಯೇ ಬಿಟ್ಟರು. ಆಟಗಾರರ ಕೈಗಳು ಅದನ್ನು ಪಳಗಿಸಿಕೊಂಡವು.

ಕೈ ಪಳಗುವುದು ಏಕೆ ಬೇಕು ಎಂಬುದಕ್ಕೆ ಲೆಕ್ಕವೂ ಇದೆ. ಆಟ ಸೆಕೆಂಡಿಗೆ 60 ಚೌಕಟ್ಟುಗಳಲ್ಲಿ, ಅಂದರೆ ಫ್ರೇಮ್‌ಗಳಲ್ಲಿ, ಓಡುತ್ತದೆ. ಕಣ್ಣು ಕಂಡದ್ದಕ್ಕೆ ಬೆರಳು ಸ್ಪಂದಿಸಲು ಸುಮಾರು ಕಾಲು ಸೆಕೆಂಡು, ಎಂದರೆ 15 ಫ್ರೇಮ್ ಬೇಕು. ಚುರುಕಾದ ಗುದ್ದು ನಾಲ್ಕೈದು ಫ್ರೇಮ್‌ಗಳಲ್ಲಿ ತಗಲುತ್ತದೆ. ಹಾಗಾಗಿ ಅದನ್ನು ನೋಡಿ ತಡೆಯಲಾಗದು, ಮುಂಚೆಯೇ ಊಹಿಸಬೇಕು. ಫ್ರೇಮಿನ ಲೆಕ್ಕವನ್ನು ಪಾಠ ಹೇಳಿಕೊಡುತ್ತದೆ. ಎದುರಿಗಿರುವವನ ಚಾಳಿಯನ್ನು ಅವನೊಡನೆ ಆಡಿಯೇ ತಿಳಿಯಬೇಕು.

ಹಾಗೆಂದು ಪಾಠ ವ್ಯರ್ಥವಲ್ಲ. ಹತ್ತಿರದಲ್ಲಿ ಆರ್ಕೇಡ್ ಇಲ್ಲದವರಿಗೆ, ಪ್ರತಿ ಸೋಲಿಗೂ ನಾಣ್ಯ ತೆರಲಾಗದವರಿಗೆ ಈ ವಿದ್ಯೆ ದೂರವೇ ಉಳಿದಿತ್ತು. 2003ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ 'ವರ್ಚುವಾ ಫೈಟರ್ 4: ಎವಲ್ಯೂಷನ್' ತನ್ನ ವಿಸ್ತಾರವಾದ ತರಬೇತಿ ವಿಭಾಗಕ್ಕಾಗಿ ಇಂದಿಗೂ ನೆನಪಿನಲ್ಲಿದೆ. ಮನೆಯಲ್ಲಿ ಒಬ್ಬನೇ ಕೂತವನಿಗೂ ಅದು ತಾನು ಏಕೆ ಸೋತೆ ಎಂದು ಕೇಳಿಕೊಳ್ಳಲು ಬೇಕಾದ ಮಾತುಗಳನ್ನು ಕೊಟ್ಟಿತು.

ಆ ಮಾತುಗಳು ಹುಟ್ಟುವುದು ಮಾತ್ರ ಆಡಿದವರ ಕೈಯಲ್ಲೇ. 2004ರಲ್ಲಿ ಕ್ಯಾಲಿಫೋರ್ನಿಯಾದ ಇವೊ ಪಂದ್ಯಾವಳಿಯಲ್ಲಿ, 'ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್' ಆಟದಲ್ಲಿ ಡೈಗೊ ಉಮೆಹರಾ ಅವರ ಪಾತ್ರಕ್ಕೆ ಉಳಿದಿದ್ದದ್ದು ಗುಟುಕು ಜೀವ. ಎದುರಿನ ಜಸ್ಟಿನ್ ವಾಂಗ್ ಒದೆತಗಳ ಸುರಿಮಳೆ ಶುರು ಮಾಡಿದರು. ಸುಮ್ಮನೆ ತಡೆದರೂ ಸೋಲು ಖಚಿತ. ಡೈಗೊ ಒಂದೊಂದು ಒದೆತಕ್ಕೂ ಸರಿಯಾದ ಕ್ಷಣದಲ್ಲಿ ಜಾಯ್‌ಸ್ಟಿಕ್ಕನ್ನು ಮುಂದಕ್ಕೆ ತಟ್ಟಿ 15 ಒದೆತಗಳನ್ನೂ ನಿವಾರಿಸಿ, ತಿರುಗಿ ಹೊಡೆದು ಆ ಪಂದ್ಯ ಗೆದ್ದರು. 2011ರಲ್ಲಿ ಅದೇ ಆಟದ ಆನ್‌ಲೈನ್ ಆವೃತ್ತಿ ಬಂದಾಗ ಆ ಕ್ಷಣವನ್ನು ಅಭ್ಯಾಸಕ್ಕೆಂದೇ ಅದರಲ್ಲಿ ಸೇರಿಸಲಾಯಿತು. ಏಳು ವರ್ಷಗಳಲ್ಲಿ ಒಬ್ಬನ ಅನುಭವ ಎಲ್ಲರ ಪಾಠವಾಯಿತು.

ಪಾಠವೇ ಇಲ್ಲದೆ ಏನು ಸಾಧ್ಯ ಎಂಬುದನ್ನು ಲಾಹೋರ್ ತೋರಿಸಿತು. 2017ರಲ್ಲಿ ಮನೆಗಳಿಗೆ ಬಂದ 'ಟೆಕ್ಕನ್ 7' ಆಟದಲ್ಲಿ ಅಭ್ಯಾಸಕ್ಕೆ ಜಾಗವಿತ್ತು, ಹೊಸಬರಿಗೆ ಹಂತಹಂತವಾಗಿ ಕಲಿಸುವ ಟ್ಯುಟೋರಿಯಲ್ ಇರಲಿಲ್ಲ. ಲಾಹೋರಿನ ಆರ್ಕೇಡ್‌ಗಳಲ್ಲಿ ಬೆಳೆದ ಅರ್ಸ್ಲಾನ್ ಆಶ್ 2019ರಲ್ಲಿ ಇವೊ ಜಪಾನ್ ಮತ್ತು ಅಮೆರಿಕದ ಇವೊ ಎರಡನ್ನೂ ಅದೇ ಆಟದಲ್ಲಿ ಗೆದ್ದರು. ತನ್ನಂಥವರು ತನ್ನ ದೇಶದಲ್ಲಿ ಇನ್ನೂ ಇದ್ದಾರೆ ಎಂದರು. ಟೆಕ್ಕನ್‌ನಲ್ಲಿ ಅತಿ ದೊಡ್ಡ ಹೆಸರಾಗಿದ್ದ ದಕ್ಷಿಣ ಕೊರಿಯಾದ 'ನೀ' ಅದೇ ವರ್ಷ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನವರೊಡನೆ ಆಡಿ ಸೋತರು. ಕಲಿಯುವ ಹಸಿವಿದ್ದ ಆ ಹಿರಿಯ ಆಟಗಾರ ಹೋದದ್ದು ಎದುರಾಳಿಗಳ ಬಳಿಗೆ.

ನಾನು ದಿನವಿಡೀ ಬರಹದ ದಾಖಲೆಗಳನ್ನು ನಂಬಿ ಕೆಲಸ ಮಾಡುವವನು. ಒಂದು ವಿದ್ಯೆಯ ಕೈಪಿಡಿ ಸಿಕ್ಕರೆ ಆ ವಿದ್ಯೆಯೇ ಸಿಕ್ಕಿತೆಂದು ಹಿಗ್ಗುತ್ತೇನೆ. ಆದರೆ ಕೈಪಿಡಿ ಬರೆಯುವ ಹೊತ್ತಿಗೆ ಕೈಗಳು ಮುಂದೆ ಹೋಗಿರುತ್ತವೆ. ಯಂತ್ರದ ಮುಂದೆ ನಿಂತು ಕಾಂಬೋಗಳನ್ನು ಕಂಡುಕೊಂಡ ಮೊದಲಿಗರಲ್ಲಿ ಹೆಚ್ಚಿನವರ ಹೆಸರು ಎಲ್ಲೂ ದಾಖಲಾಗಿಲ್ಲ. ನಾನು ಎರಡು ಸಂಜೆಗಳಲ್ಲಿ ಕಲಿತ ಪಾಠ ಅವರ ಸೋಲುಗಳಿಂದ ಆದದ್ದು.

ಈಗ ಆ ಜೂನಿಯರ್ ಜೊತೆ ವಾರಕ್ಕೊಮ್ಮೆ ಆಡುತ್ತೇನೆ. ಸೋತ ಮೇಲೆ ಮತ್ತೆ ಪಾಠ ತೆರೆದರೆ, ಮೊದಲ ಸಲ ಸುಮ್ಮನೆ ದಾಟಿಹೋದ ಸಾಲು ಅರ್ಥವಾಗುತ್ತದೆ. ಹೋದ ವಾರ ಅವನು ನೆಗೆಯುತ್ತಾನೆಂದು ನೆಗೆಯುವ ಮುಂಚೆಯೇ ನನಗೆ ಗೊತ್ತಾಯಿತು. ಆ ಆಟವನ್ನೂ ಸೋತೆ, ಆದರೆ ಆ ಒಂದು ನೆಗೆತವನ್ನು ತಡೆದೆ.