ಹುತ್ತ, ಬುಟ್ಟಿ, ಗಾಜಿನ ಪೆಟ್ಟಿಗೆ

ಹರಿಹರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾಗಿದ್ದ ಪೋಲಾಳ್ವನು 1224ರಲ್ಲಿ ಕಟ್ಟಿಸಿದನು. ತುಂಗಭದ್ರೆಯ ದಡದ ಆ ಗುಡಿಯಲ್ಲಿರುವ ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಗುಹಾಸುರನ ಸಂಹಾರಕ್ಕಾಗಿ ಇಬ್ಬರೂ ಒಂದೇ ದೇಹ ತಾಳಿದರೆಂಬುದು ಸ್ಥಳಪುರಾಣ. ಶೈವ ವೈಷ್ಣವ ಸಾಮರಸ್ಯದ ಮಾತು ಬಂದಾಗಲೆಲ್ಲ ಈ ಗುಡಿಯನ್ನು ನೆನೆಯುವುದು ವಾಡಿಕೆ. ನಾನು ಈಗ ಅದನ್ನು ನೆನೆಯುತ್ತಿರುವುದು ಬೇರೊಂದು ಕಾರಣಕ್ಕೆ. ಹರನ ಕೊರಳಿಗೆ ಹಾವೇ ಆಭರಣ. ಹರಿಗೆ ಹಾವೇ ಹಾಸಿಗೆ. ಮಿಕ್ಕ ಎಷ್ಟೋ ವಿಷಯಗಳಲ್ಲಿ ಭಕ್ತರು ಜಗಳವಾಡಿದರೂ ಈ ಒಂದು ಪ್ರಾಣಿಯನ್ನು ಎರಡು ದೇವರುಗಳೂ ಹತ್ತಿರ ಇಟ್ಟುಕೊಂಡಿದ್ದಾರೆ. ದೇವರು ಹಾವನ್ನು ಇಟ್ಟುಕೊಂಡ ಬಗೆಯನ್ನು ಪುರಾಣಗಳು ಹೇಳುತ್ತವೆ. ಮನುಷ್ಯ ಇಟ್ಟುಕೊಂಡ ಬಗೆಯನ್ನು ಮಾತ್ರ ಚರಿತ್ರೆಯಲ್ಲಿ ಹುಡುಕಬೇಕಾಗಿದೆ.

ಹಾಗೆ ಹುಡುಕುವವನ ಕಣ್ಣಿಗೆ ಮೊದಲು ಬೀಳುವುದು ನಾಗರಕಲ್ಲು. ದಾವಣಗೆರೆ ಸೀಮೆಯ ಊರೂರುಗಳಲ್ಲಿ ಅರಳಿಕಟ್ಟೆಯ ಮೇಲೆ, ಕೆರೆಯ ಏರಿಯ ಮಗ್ಗುಲಲ್ಲಿ, ಹೆಡೆ ಬಿಚ್ಚಿದ, ಒಂದನ್ನೊಂದು ಹೆಣೆದುಕೊಂಡ ಕಲ್ಲುಹಾವುಗಳಿವೆ. ಶ್ರಾವಣದ ಪಂಚಮಿ ಬಂತೆಂದರೆ ತವರಿಗೆ ಬಂದ ಹೆಣ್ಣುಮಕ್ಕಳು ಎಳ್ಳುಂಡೆ, ತಂಬಿಟ್ಟುಗಳೊಡನೆ ಹೋಗಿ, ಮನೆಯ ಒಬ್ಬೊಬ್ಬರ ಪಾಲೆಂದು ಹೆಸರು ಹೇಳಿ ಹಾಲೆರೆಯುತ್ತಾರೆ. ಕಲ್ಲಿನ ನಾಗನಿಗೆ ಹಾಲೆರೆಯುವ ಕೈಯೇ ಜೀವಂತ ನಾಗ ಕಂಡಾಗ ಬಡಿಗೆ ಹಿಡಿಯುವುದನ್ನು ಹನ್ನೆರಡನೆಯ ಶತಮಾನದಲ್ಲಿಯೇ ಬಸವಣ್ಣನವರು ಒಂದು ವಚನದಲ್ಲಿ ಕಟುವಾಗಿ ಎತ್ತಿ ಆಡಿದ್ದಾರೆ. ಅವರ ಉದ್ದೇಶ ಭಕ್ತಿಯ ವಿಮರ್ಶೆಯೇ ಹೊರತು ಪ್ರಾಣಿದಯೆಯ ಉಪದೇಶ ಮಾತ್ರವಲ್ಲ, ನಿಜ. ಆದರೂ ಆ ಕಾಲದ ಜನ ಹಾವಿನೊಡನೆ ಹೇಗೆ ನಡೆದುಕೊಳ್ಳುತ್ತಿದ್ದರೆಂಬುದಕ್ಕೆ ಅದೊಂದು ಸಾಕ್ಷ್ಯ.

ಎರಡನೆಯ ಸಾಕ್ಷ್ಯ ಬುಟ್ಟಿ. ಹಾವನ್ನು ನಿಜವಾಗಿ ಮನೆಯಲ್ಲಿಟ್ಟುಕೊಂಡವರು ನಮ್ಮಲ್ಲಿ ಹಾವಾಡಿಗರು. ಬಸವಣ್ಣನವರದೇ ಇನ್ನೊಂದು ವಚನದಲ್ಲಿ ಕೈಯಲ್ಲಿ ಹಾವು ಹಿಡಿದ ಹಾವಾಡಿಗನೊಬ್ಬ ಮಗನ ಮದುವೆಗೆಂದು ಶಕುನ ನೋಡಲು ಹೊರಡುತ್ತಾನೆ. ಎದುರಿಗೆ ತನ್ನಂಥವನೇ ಮತ್ತೊಬ್ಬ ಬಂದಾಗ ಶಕುನ ಕೆಟ್ಟಿತೆನ್ನುತ್ತಾನೆ. ಎಂಟುನೂರು ವರ್ಷಗಳ ಹಿಂದೆಯೇ ಈ ಕಸುಬಿನವರು ಬೀದಿಯಲ್ಲಿ ನಿತ್ಯ ಕಾಣುವ ಜನರಾಗಿದ್ದರೆಂದೂ, ಅವರನ್ನು ಕಂಡರೆ ಅಪಶಕುನವೆನ್ನುವ ತಾತ್ಸಾರವೂ ಆಗಲೇ ಇತ್ತೆಂದೂ ಇದರಿಂದ ತಿಳಿಯುತ್ತದೆ. ಉಡುತಡಿಯ ಅಕ್ಕಮಹಾದೇವಿ ದೇಹದ ಸಂಗವನ್ನು ಕುರಿತು ಹೇಳುವಾಗ, ಹಾವನ್ನಾಡಿಸುವವನು ಮೊದಲು ಅದರ ವಿಷದ ಹಲ್ಲನ್ನು ಇಲ್ಲವಾಗಿಸುತ್ತಾನೆಂಬ ಲೋಕಾನುಭವವನ್ನೇ ರೂಪಕವಾಗಿ ಬಳಸಿದ್ದಾಳೆ. ಉಡುತಡಿ ಇಂದಿನ ಶಿಕಾರಿಪುರ ತಾಲ್ಲೂಕಿನಲ್ಲಿದೆ. ನಮ್ಮ ಸೀಮೆಗೆ ದೂರವಲ್ಲ. ರೂಪಕ ಕೇಳುಗರಿಗೆ ಥಟ್ಟನೆ ಅರ್ಥವಾಗಬೇಕಾದರೆ ಆ ಪದ್ಧತಿ ಎಲ್ಲರೂ ಬಲ್ಲದ್ದಾಗಿರಬೇಕಷ್ಟೆ.

ಹಲ್ಲು ಕಿತ್ತ ಹಾವಿನ ಗತಿ ಏನು? ನಾಗರಹಾವಿನ ವಿಷದಂತ ಬಿದ್ದರೆ ಮತ್ತೊಂದು ಮೂಡುತ್ತದೆ. ಆದುದರಿಂದ ಮತ್ತೆ ಮತ್ತೆ ಕೀಳಬೇಕು. ಕೆಲವರು ಬಾಯಿಯನ್ನೇ ಹೊಲಿಯುವುದೂ ಇತ್ತು. ಬಾಯಿ ಹುಣ್ಣಾಗಿ ಕೀವು ತುಂಬಿ, ಇಲಿ ಕಪ್ಪೆಗಳನ್ನು ಹಿಡಿಯಲಾರದೆ, ನುಂಗಲಾರದೆ ಅದು ಕ್ರಮೇಣ ಸಾಯುತ್ತದೆ. ಹಾವು ತಿಂಗಳುಗಟ್ಟಲೆ ಉಪವಾಸವಿರಬಲ್ಲ ಪ್ರಾಣಿಯಾದುದರಿಂದ ನೋಡುವವರಿಗೆ ಆ ಸಾವು ಸಾವೆಂದೇ ತೋರುವುದಿಲ್ಲ. ಪುಂಗಿಯ ನಾದಕ್ಕೆ ಅದು ತಲೆದೂಗುತ್ತದೆನ್ನುತ್ತೇವೆ. ಹಾವಿಗೆ ಹೊರಕಿವಿಯಿಲ್ಲ, ಅದು ಹೆಡೆ ತೂಗುವುದು ಕಣ್ಣೆದುರು ಅಲುಗುವ ಪುಂಗಿಯನ್ನು ಹಿಂಬಾಲಿಸಿ, ಆತ್ಮರಕ್ಷಣೆಗಾಗಿ. ಹಾಲು ಕುಡಿಯುತ್ತದೆನ್ನುತ್ತೇವೆ. ನೀರಿಲ್ಲದೆ ಬಾಯಾರಿಸಿದ ಹಾವು ಯಾವ ದ್ರವವನ್ನಾದರೂ ಹೀರೀತು. ಆದರೆ ಹಾಲನ್ನು ಜೀರ್ಣಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಪಂಜೆ ಮಂಗೇಶರಾಯರ ‘ಹಾವಿನ ಹಾಡು’ ಓದಿ ಬೆಳೆದ ನಮಗೆ ಈ ಮಾತು ತುಸು ಕಹಿ. ಕವಿತೆಯಲ್ಲಿ ಮಗುವಿನ ಪ್ರೀತಿ ಸತ್ಯ, ಹಾವಿನ ಹಸಿವು ಬೇರೆ ಎಂದು ತಿಳಿದರೆ ಎರಡಕ್ಕೂ ಅನ್ಯಾಯವಾಗದು.

ಹಾವಾಡಿಗರನ್ನು ಮಾತ್ರ ದೂರಿ ಮುಗಿಸುವುದು ಸುಲಭ. ಅವರು ಬಡವರು, ಜಮೀನಿಲ್ಲದವರು. ಯಾವ ಬಿಲದಲ್ಲಿ ಯಾವ ಹಾವಿದೆ, ಅದು ಯಾವಾಗ ಪೊರೆ ಬಿಡುತ್ತದೆ ಎಂಬುದನ್ನು ನೆಲದ ಗುರುತಿನಿಂದಲೇ ಹೇಳಬಲ್ಲ ಜ್ಞಾನ ಅವರಲ್ಲಿತ್ತು. ಆ ಜ್ಞಾನಕ್ಕೆ ಸಮಾಜ ಕೊಟ್ಟ ಬೆಲೆ ಬೀದಿಯ ಚಿಲ್ಲರೆ ಕಾಸು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಹಾವನ್ನು ಹಿಡಿದಿಡುವುದು ಅಪರಾಧವಾಯಿತು. 1976ರಲ್ಲಿ ಹಾವಿನ ಚರ್ಮದ ರಫ್ತೂ ನಿಂತಿತು. ಕಾಯಿದೆ ಸರಿ, ಆದರೆ ಕಸುಬು ಕಳೆದುಕೊಂಡವರ ಮುಂದಿನ ಊಟದ ವಿಚಾರ ಕಾಯಿದೆಯ ಪುಟದಲ್ಲಿರಲಿಲ್ಲ. ನೆರೆಯ ತಮಿಳುನಾಡಿನಲ್ಲಿ ಬೇರೊಂದು ದಾರಿ ಕಂಡಿತು. ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದ ಇರುಳರು ರೋಮುಲಸ್ ವಿಟೇಕರರ ನೆರವಿನಿಂದ 1978ರಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಅನುಮತಿ ಪಡೆದು ಹಿಡಿದ ಹಾವನ್ನು ಮಣ್ಣಿನ ಮಡಕೆಯಲ್ಲಿ ಕೆಲವು ವಾರ ಇಟ್ಟು, ಔಷಧಕ್ಕಾಗಿ ವಿಷ ತೆಗೆದು, ಮತ್ತೆ ಕಾಡಿಗೇ ಬಿಡುತ್ತಾರೆ. ಬುಟ್ಟಿಗೂ ಆ ಮಡಕೆಗೂ ಇರುವ ವ್ಯತ್ಯಾಸ ಒಂದೇ: ಮಡಕೆಯೊಳಗೆ ಹೋದ ಹಾವಿಗೆ ಹಿಂದಿರುಗುವ ದಿನವೊಂದು ಗೊತ್ತಾಗಿರುತ್ತದೆ.

ಹಾವು ಸಾಕುವ ಆಸೆಯ ಇನ್ನೊಂದು ಮುಖ ಧನದಾಸೆ. ನಮ್ಮ ಬಯಲುಸೀಮೆಯ ಒಣಮಣ್ಣಿನಲ್ಲಿ ಹುದುಗಿರುವ ಮಣ್ಣುಮುಕ್ಕ ಹಾವಿಗೆ ಬಾಲವೂ ತಲೆಯಂತೆ ಮೊಂಡು. ಅದನ್ನು ಎರಡು ತಲೆಯ ಹಾವೆಂದು ಕರೆದು, ಮನೆಯಲ್ಲಿಟ್ಟರೆ ಐಶ್ವರ್ಯ ಬರುತ್ತದೆಂದು ನಂಬಿಸಿ, ತೂಕ ಹೆಚ್ಚಿದಷ್ಟೂ ಬೆಲೆ ಹೆಚ್ಚೆಂದು ಲಕ್ಷಗಟ್ಟಲೆ ರೂಪಾಯಿಗೆ ಮಾರಹೊರಟವರು ಸಿಕ್ಕಿಬಿದ್ದ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲಿ ಎಷ್ಟೋ ಬಾರಿ ಬಂದಿದೆ. ಕೊಂಡವನಿಗೆ ಬಂದ ಐಶ್ವರ್ಯ ಪೋಲೀಸು ಮೊಕದ್ದಮೆ. ಹಾವಿಗೆ ಒದಗಿದ್ದು ಚೀಲದೊಳಗಿನ ಉಸಿರುಗಟ್ಟು.

ಈಚಿನ ವರ್ಷಗಳಲ್ಲಿ ಬುಟ್ಟಿಯ ಜಾಗಕ್ಕೆ ಗಾಜಿನ ಪೆಟ್ಟಿಗೆ ಬಂದಿದೆ. ದಾವಣಗೆರೆಯ ಕಾಲೇಜು ಹುಡುಗರು ಕೆಲವರು ನನ್ನನ್ನು ಕೇಳಿದ್ದುಂಟು: ‘ನಾವೂ ಒಂದು ಹಾವು ಸಾಕಬಹುದೆ ಸರ್?’ ನಾಗರ, ಕೇರೆ, ಹೆಬ್ಬಾವು ಮೊದಲಾದ ನಮ್ಮ ನಾಡಿನ ಹಾವುಗಳ ಮಟ್ಟಿಗೆ ನನ್ನ ಉತ್ತರ ಒಂದೇ ಮಾತು: ಇಲ್ಲ. ಕಾಯಿದೆ ಅದಕ್ಕೆ ಎಡೆಗೊಡುವುದಿಲ್ಲ. ಹೊರದೇಶದ ತಳಿಗಳಿಗೆ 2020ರಲ್ಲಿ ಕೇಂದ್ರ ಸರ್ಕಾರ ಸ್ವಯಂ ಘೋಷಣೆಗೆ ಅವಕಾಶ ಕೊಟ್ಟಿತು. 2022ರ ತಿದ್ದುಪಡಿಯ ಬಳಿಕ 2024ರಲ್ಲಿ ಬಂದ ನಿಯಮಗಳಂತೆ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಯನ್ನು ಇಟ್ಟುಕೊಂಡವನು ಅದನ್ನು ನೋಂದಾಯಿಸಬೇಕು; ಅದು ಮರಿಯಿಟ್ಟರೂ, ಸತ್ತರೂ, ಕೈ ಬದಲಾದರೂ ತಿಳಿಸಬೇಕು. ಹೊಸಬರು ಹೆಚ್ಚಾಗಿ ಬಯಸುವ ಪಶ್ಚಿಮ ಆಫ್ರಿಕದ ಬಾಲ್ ಪೈಥಾನ್ ಆ ಪಟ್ಟಿಯಲ್ಲಿದೆ. ಬೆದರಿದಾಗ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅದಕ್ಕೆ ಆ ಹೆಸರು.

ಕಾಗದಪತ್ರ ಸರಿಯಾದ ಮೇಲೂ ಸಾಕುವವನು ತಿಳಿಯಬೇಕಾದುದು ಬೇಕಾದಷ್ಟಿದೆ. ಈ ಹೆಬ್ಬಾವು ಮೂರು ನಾಲ್ಕು ಅಡಿ ಬೆಳೆದು ಇಪ್ಪತ್ತು ಮೂವತ್ತು ವರ್ಷ ಬದುಕಬಲ್ಲದು. ಹದಿನೆಂಟರ ಹುಡುಗ ತಂದ ಹಾವು ಅವನ ಮದುವೆ, ವರ್ಗಾವಣೆ, ಮಕ್ಕಳು ಎಲ್ಲವನ್ನೂ ಕಾಣುತ್ತದೆ. ಹಾವು ತನ್ನ ಮೈಯ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲಾರದು. ಆದುದರಿಂದ ಪೆಟ್ಟಿಗೆಯ ಒಂದು ತುದಿ 31-32 ಡಿಗ್ರಿ ಬೆಚ್ಚಗೆ, ಇನ್ನೊಂದು 26ರ ಆಸುಪಾಸಿನಲ್ಲಿ ತಂಪಾಗಿರಬೇಕು. ಎರಡು ಕಡೆಯೂ ಅಡಗಲು ಗೂಡು ಬೇಕು. ಬಿಸಿಯನ್ನು ಅಂಕೆಯಲ್ಲಿಡುವ ಯಂತ್ರವಿಲ್ಲದಿದ್ದರೆ ಮೈ ಸುಡುತ್ತದೆ. ನಮ್ಮೂರಿನ ಏಪ್ರಿಲ್ ತಿಂಗಳಿನಲ್ಲಿ, ತಗಡಿನ ಛಾವಣಿಯ ಕೋಣೆಯಲ್ಲಿ, ದೀಪವಿಲ್ಲದೆಯೇ ಅದು ಬೆಂದುಹೋದೀತು. ಗಾಳಿಯಲ್ಲಿ ತಕ್ಕಷ್ಟು ತೇವವಿರಬೇಕು. ಇಲ್ಲವಾದರೆ ಪೊರೆ ಇಡಿಯಾಗಿ ಕಳಚದೆ ಚೂರುಚೂರಾಗಿ ಕಣ್ಣಿನ ಮೇಲೂ ಉಳಿಯುತ್ತದೆ. ಕುಡಿಯಲು ಶುದ್ಧವಾದ ನೀರು ಸದಾ ಇರಬೇಕು. ಬೆಳೆದ ಹಾವಿಗೆ ಎರಡು ಮೂರು ವಾರಕ್ಕೊಂದು ಇಲಿ ಸಾಕು. ಜೀವಂತ ಇಲಿ ಹಾವನ್ನೇ ಕಚ್ಚಿ ಗಾಯಮಾಡುವುದರಿಂದ, ಶೈತ್ಯದಲ್ಲಿಟ್ಟು ಮತ್ತೆ ಬೆಚ್ಚಗೆ ಮಾಡಿದ್ದೇ ಲೇಸು. ಉಂಡ ಎರಡು ದಿನ ಅದನ್ನು ಮುಟ್ಟಬಾರದು. ಕಣ್ಣು ಹಾಲುಗಟ್ಟಿದಂತೆ ಮಸುಕಾದಾಗ, ಎಂದರೆ ಪೊರೆ ಬಿಡುವ ಮೊದಲು, ಎತ್ತಬಾರದು. ಮುಚ್ಚಳಕ್ಕೆ ಅಗಳಿ ಇರಬೇಕು. ಹಾವಿನ ರೋಗ ಬಲ್ಲ ವೈದ್ಯರು ಎಲ್ಲಿದ್ದಾರೆಂದು ಹಾವು ತರುವ ಮೊದಲೇ ವಿಚಾರಿಸಿರಬೇಕು. ಬೇಸರವಾಯಿತೆಂದು ತುಂಗಭದ್ರೆಯ ದಡದಲ್ಲಿ ಬಿಟ್ಟು ಬರುವುದು ಆ ಹಾವಿಗೂ ದ್ರೋಹ, ಇಲ್ಲಿಯ ಜೀವಿಗಳಿಗೂ ದ್ರೋಹ.

ಇಷ್ಟೆಲ್ಲ ಯಂತ್ರ, ದೀಪ, ತೇವಮಾಪಕಗಳನ್ನು ಜೋಡಿಸಿದಾಗ ಕೊನೆಗೆ ಆಗುವುದೇನೆಂದು ಯೋಚಿಸಿದರೆ ನನಗೆ ಸೋಜಿಗವಾಗುತ್ತದೆ. ಗಾಜಿನಲ್ಲಿ ಮನುಷ್ಯ ಪ್ರಯಾಸಪಟ್ಟು ಮಾಡಹೊರಡುವುದು ಒಂದು ಹುತ್ತವನ್ನು. ಗೆದ್ದಲು ಮಣ್ಣು ಹೊತ್ತು ಕಟ್ಟಿದ ಹುತ್ತದೊಳಗೆ ಹೊರಗಿನ ಬಿಸಿಲು ಏರಿದಂತೆ ಏರುವುದಿಲ್ಲ, ರಾತ್ರಿ ಇಳಿದಂತೆ ಇಳಿಯುವುದಿಲ್ಲ, ತೇವ ಉಳಿಯುತ್ತದೆ. ಬೆಚ್ಚಗಾಗಬೇಕಾದರೆ ಹಾವು ಬಾಯಿಗೆ ಬರುತ್ತದೆ. ತಂಪು ಬೇಕಾದರೆ ಒಳಗಿಳಿಯುತ್ತದೆ. ನಮ್ಮ ಹಿರಿಯರು ಹುತ್ತವನ್ನು ಅಗೆಯದೆ ಪೂಜಿಸಿದಾಗ, ಹಾಲು ತಪ್ಪಾದರೂ ಹುತ್ತ ಉಳಿಯಿತು. ಆ ಮಟ್ಟಿಗೆ ಕಲ್ಲಿನ ಪೂಜೆಗಿಂತಲೂ ಬುಟ್ಟಿಯ ಸಾಕಣೆಗಿಂತಲೂ ಹುತ್ತದ ಗೌರವವೇ ಹಾವಿಗೆ ಮಾಡಿದ ನಿಜವಾದ ಆರೈಕೆ.

ಇದರ ಪ್ರಯೋಜನ ನಮಗೂ ಉಂಟು. ಭದ್ರಾ ನಾಲೆಯ ನೀರಿನಿಂದ ಹರಿಹರ, ದಾವಣಗೆರೆಗಳ ಸುತ್ತ ಬತ್ತದ ಗದ್ದೆ ಹರಡಿತು. ಬತ್ತದ ಹಿಂದೆ ಇಲಿ, ಇಲಿಯ ಹಿಂದೆ ಕೇರೆ ಮತ್ತು ನಾಗರ. ವಿಷವಿಲ್ಲದ ಕೇರೆ ರೈತನ ಕಣಜವನ್ನು ಕೂಲಿಯಿಲ್ಲದೆ ಕಾಯುತ್ತದೆ. ಭಯವೂ ಸುಳ್ಳಲ್ಲ. 2000ರಿಂದ 2019ರವರೆಗಿನ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ, ಹೆಚ್ಚಿನವರು ಹಳ್ಳಿಗಳವರು. ಕರ್ನಾಟಕವು 2024ರಲ್ಲಿ ಹಾವಿನ ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪ್ರಕರಣವೆಂದು ಘೋಷಿಸಿತು. ಕಚ್ಚಿಸಿಕೊಂಡವನಿಗೆ ಮಂತ್ರದಲ್ಲಿ ಹೊತ್ತು ಕಳೆಯದೆ ಆಸ್ಪತ್ರೆ, ಹಾವಿಗೆ ಬಡಿಗೆಯಿಲ್ಲದ ದಾರಿ, ಇವೆರಡೂ ಒಟ್ಟಿಗೇ ನಡೆಯಬೇಕಾದ ಕೆಲಸ. ಅದೇ 2024ರಲ್ಲಿ ಪಶ್ಚಿಮಘಟ್ಟದ ಕಾಳಿಂಗ ಸರ್ಪವು ಬೇರೆಯೇ ಪ್ರಭೇದವೆಂದು ವಿಜ್ಞಾನಿಗಳು ಗುರುತಿಸಿ, ಅದಕ್ಕೆ ನಮ್ಮ ಕನ್ನಡದ ‘ಕಾಳಿಂಗ’ ಎಂಬ ಮಾತನ್ನೇ ಶಾಸ್ತ್ರೀಯ ಹೆಸರಾಗಿಟ್ಟರು. ಹಾವನ್ನು ಕನ್ನಡಿಗರು ಹೆಸರಿಟ್ಟು ಬಲ್ಲರೆಂಬುದಕ್ಕೆ ಸಿಕ್ಕ ಗೌರವ ಅದು.

ಊರು ಬೆಳೆಯುತ್ತಿದೆ. ಬಡಾವಣೆಗಳಿಗಾಗಿ ಹೊಲಗಳನ್ನು ಸಮ ಮಾಡುವಾಗ ಮೊದಲು ಉರುಳುವುದು ಹುತ್ತ. ನೆಲೆ ತಪ್ಪಿದ ಹಾವು ಹೊಸ ಮನೆಯ ಮೋರಿಯಲ್ಲಿ ಕಾಣಿಸಿಕೊಂಡಾಗ ‘ಹಾವು ನಮ್ಮ ಮನೆಗೆ ಬಂತು’ ಎನ್ನುತ್ತೇವೆ. ಮೊದಲ ಬಾರಿಗೆ ಹಾವು ಸಾಕಬೇಕೆಂದು ನನ್ನನ್ನು ಕೇಳುವ ಹುಡುಗರಿಗೆ ಈಗ ನಾನು ಹೇಳುವುದಿಷ್ಟೆ: ಹಿಡಿಯುವ ಮೊದಲು ಒಂದು ವರ್ಷ ನೋಡಿ. ಅಪ್ಪನ ಹೊಲದ ಬದುವಿನಲ್ಲಿ ಒಂದು ಹುತ್ತವನ್ನು ಅಗೆಯದೆ ಬಿಡಿಸಿ. ದೂರ ನಿಂತು ಅದರ ಬೇಸಿಗೆ, ಮಳೆ, ಚಳಿಗಳನ್ನು ಬರೆದಿಡಿ. ಆ ವರ್ಷ ಕಳೆದ ಮೇಲೂ ಗಾಜಿನ ಪೆಟ್ಟಿಗೆಯ ಆಸೆ ಉಳಿದಿದ್ದರೆ, ಅದಕ್ಕೆ ಬೇಕಾದ ತಿಳಿವಳಿಕೆಯಾದರೂ ನಿಮ್ಮಲ್ಲಿ ಇರುತ್ತದೆ.

(ಬಾನುಲಿ ಭಾಷಣ)