ಮಾಟುಂಗದ ಉದ್ಯಾನಗಳು: ಮಹಾಮಾರಿಯ ಬೆನ್ನಿಗೆ ಬಂದ ಹಸಿರು

ಮುಂಬಯಿ ಮಹಾನಗರದ ಭೂಪಟವನ್ನು ಬಿಡಿಸಿ ನೋಡಿದಾಗ ದಾದರ್‌ನಿಂದ ಉತ್ತರಕ್ಕೆ, ಮಧ್ಯ ರೈಲ್ವೆಯ ಹಳಿಗಳಿಗೂ ಬಂದರು ಮಾರ್ಗದ ಹಳಿಗಳಿಗೂ ನಡುವೆ ಇರುವ ಭೂಭಾಗವು ಉಳಿದ ನಗರಕ್ಕಿಂತ ಬೇರೆಯಾಗಿ ಕಾಣುತ್ತದೆ. ದಕ್ಷಿಣದ ಭುಲೇಶ್ವರ, ಮಾಂಡ್ವಿ ಮುಂತಾದ ಹಳೆಯ ಪೇಟೆಗಳ ಗಲ್ಲಿಗಳು ಸಿಕ್ಕುಬಿದ್ದ ನೂಲಿನಂತಿದ್ದರೆ, ಇಲ್ಲಿಯ ರಸ್ತೆಗಳು ಅಳತೆಗೋಲು ಹಿಡಿದು ಎಳೆದಂತೆ ನೇರವಾಗಿವೆ. ಒಂದೆಡೆ ಅವು ವೃತ್ತಾಕಾರದ ಉದ್ಯಾನವೊಂದನ್ನು ಬಳಸಿ ಹೋಗುತ್ತವೆ. ಇನ್ನೊಂದೆಡೆ ಐದು ತೋಟಗಳ ನಡುವೆ ಹಾದುಹೋಗುತ್ತವೆ. ಈ ಪ್ರದೇಶವೇ ಮಾಟುಂಗ ಮತ್ತು ಅದಕ್ಕೆ ಹೊಂದಿಕೊಂಡ ದಾದರ್ ಕಾಲೊನಿಗಳು. ಮುಂಬಯಿ ಕನ್ನಡಿಗರ ಮೂರು ನಾಲ್ಕು ತಲೆಮಾರುಗಳ ಬಾಳಿನೊಡನೆ ಬೆಸೆದುಕೊಂಡ ಈ ಹಸಿರು ತಾನಾಗಿಯೇ ಹುಟ್ಟಿದುದಲ್ಲ. ಅದರ ಹಿಂದೆ ಒಂದು ಮಹಾಮಾರಿಯ ಭೀಕರ ನೆನಪಿದೆ.

ಊರಾಗುವ ಮುನ್ನ

ಏಳು ದ್ವೀಪಗಳು ಕೂಡಿ ಒಂದಾದ ಮುಂಬಯಿಯಲ್ಲಿ ಮಾಟುಂಗ ಬಹುಕಾಲ ಊರ ಹೊರಗಿನ ಪ್ರದೇಶವಾಗಿಯೇ ಉಳಿದಿತ್ತು. ಗದ್ದೆ, ಜೌಗು ನೆಲ, ತಾಳೆ ಮರಗಳು, ಅಲ್ಲಲ್ಲಿ ಚಿಕ್ಕ ಹಳ್ಳಿಗಳು, ಇಷ್ಟೇ ಇಲ್ಲಿಯ ಸಂಪತ್ತು. ಪ್ರಾಚೀನ ಅರಸನೊಬ್ಬನ ಆನೆಲಾಯ ಇಲ್ಲಿದ್ದುದರಿಂದ 'ಮಾತಂಗ' ಎಂಬುದು ಮಾಟುಂಗವಾಯಿತೆಂದು ಜನ ಹೇಳುತ್ತಾರೆ, ಅದು ಐತಿಹ್ಯ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಂಪನಿ ಸರಕಾರದ ಫಿರಂಗಿ ದಳದ ಪಾಳೆಯ ಕೆಲಕಾಲ ಇಲ್ಲಿತ್ತು. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಹೊರಟ ದೇಶದ ಮೊದಲ ಪ್ರಯಾಣಿಕ ರೈಲು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನ್‌ಗಳೊಡನೆ ಸಾಗಿದಾಗ ಈ ಬಯಲನ್ನು ದಾಟಿಯೇ ಹೋಗಿತ್ತು. ಹಳಿ ಬಂದರೂ ಊರು ಬರಲಿಲ್ಲ. ನಗರವು ದೂರವಿರಿಸಬಯಸಿದ್ದನ್ನು ಈ ಕಡೆಗೆ ಕಳುಹಿಸುತ್ತಿತ್ತೆನ್ನಬಹುದು. 1890ರಲ್ಲಿ ನಿರಾಶ್ರಿತ ಕುಷ್ಠರೋಗಿಗಳ ಆಶ್ರಯಧಾಮ ಸ್ಥಾಪನೆಯಾದುದೂ ಇದೇ ಸೀಮೆಯಲ್ಲಿ. ಅದೇ ಇಂದು ವಡಾಲದಲ್ಲಿರುವ ಆಕ್ವರ್ತ್ ಆಸ್ಪತ್ರೆ.

ಪ್ಲೇಗು ಕಲಿಸಿದ ಪಾಠ

1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯ ದವಸದ ಉಗ್ರಾಣಗಳ ಬಳಿ ಜನರು ಜ್ವರ ಬಂದು, ಗಂಟು ಊದಿ, ಕೆಲವೇ ದಿನಗಳಲ್ಲಿ ಪ್ರಾಣ ಬಿಡತೊಡಗಿದರು. ಇದು ಪ್ಲೇಗೆಂದು ಗುರುತಿಸಿದವರು ಡಾ. ಅಕಾಸಿಯೊ ಗೇಬ್ರಿಯಲ್ ವೀಗಸ್ ಎಂಬ ಗೋವಾ ಮೂಲದ ವೈದ್ಯರು. ರೈಲು ನಿಲ್ದಾಣಗಳಲ್ಲಿ, ಹಡಗುಕಟ್ಟೆಗಳಲ್ಲಿ ಊರು ಬಿಡುವವರ ನೂಕುನುಗ್ಗಲಾಯಿತು. ಗಿರಣಿಗಳು ಕೆಲಸಗಾರರಿಲ್ಲದೆ ಸೊರಗಿದವು. ರೋಗ ಇಲಿಯ ಮೈಮೇಲಿನ ಚಿಗಟದಿಂದ ಹರಡುತ್ತದೆಂಬುದು ಆಗ ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ. ಗಾಳಿ ಬೆಳಕಿಲ್ಲದ ಕತ್ತಲೆ ಕೋಣೆಗಳೇ ರೋಗದ ತವರೆಂದು ಸರಕಾರ ಭಾವಿಸಿತು. ಕಾರಣವನ್ನು ಕಂಡುಹಿಡಿಯುವುದರಲ್ಲಿ ತಪ್ಪಿದರೂ, ಹಿಡಿದ ಪರಿಹಾರ ಒಳ್ಳೆಯದೇ ಆಗಿದ್ದ ಅಪೂರ್ವ ಪ್ರಸಂಗವಿದು.

1898ರಲ್ಲಿ ಮುಂಬಯಿ ನಗರ ಸುಧಾರಣಾ ಟ್ರಸ್ಟ್ ಸ್ಥಾಪನೆಯಾಯಿತು. ಸಮುದ್ರದ ಗಾಳಿ ಊರೊಳಕ್ಕೆ ಹರಿಯಲೆಂದು ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರೋಡ್‌ಗಳಂಥ ಅಗಲವಾದ ಬೀದಿಗಳನ್ನು ಅದು ಪೂರ್ವ ಪಶ್ಚಿಮವಾಗಿ ತೆರೆಯಿತು. ಆದರೆ ಕೆಡವಿದಷ್ಟು ವೇಗದಲ್ಲಿ ಕಟ್ಟಲಾಗಲಿಲ್ಲ. ಮನೆ ಕಳೆದುಕೊಂಡ ಬಡವರು ಪಕ್ಕದ ಚಾಳುಗಳಲ್ಲಿ ಇನ್ನಷ್ಟು ಇಕ್ಕಟ್ಟಾಗಿ ತುಂಬಿಕೊಂಡರು. ಈ ದೋಷವನ್ನು ಮರೆಮಾಚಿ ಟ್ರಸ್ಟನ್ನು ಹೊಗಳುವುದು ಇತಿಹಾಸಕ್ಕೆ ನ್ಯಾಯವಾಗದು.

ಟ್ರಸ್ಟಿನ ನಿಜವಾದ ಸಾಧನೆ ಕಾಣುವುದು ಉತ್ತರದ ಖಾಲಿ ನೆಲದಲ್ಲಿ. ದಾದರ್, ಮಾಟುಂಗ, ವಡಾಲ, ಶೀವ್ ಪ್ರದೇಶಗಳಲ್ಲಿ ನೂರಾರು ಎಕರೆ ಭೂಮಿಯನ್ನು ಸ್ವಾಧೀನಪಡಿಸಿಕೊಂಡು, ತಗ್ಗುಗಳನ್ನು ಮಣ್ಣಿನಿಂದ ತುಂಬಿಸಿ, ಮೊದಲು ರಸ್ತೆ, ಚರಂಡಿ, ಉದ್ಯಾನಗಳ ಸ್ಥಳವನ್ನು ಗುರುತಿಸಿ, ಆಮೇಲೆ ನಿವೇಶನಗಳನ್ನು ಹಂಚಲಾಯಿತು. ಸಾಮಾನ್ಯವಾಗಿ ನಮ್ಮ ಊರುಗಳಲ್ಲಿ ಮನೆ ಮೊದಲು, ರಸ್ತೆ ಆಮೇಲೆ, ಚರಂಡಿ ಎಂದಾದರೊಮ್ಮೆ ಎಂಬ ಕ್ರಮವಿರುತ್ತದೆ. ಇಲ್ಲಿ ಆ ಕ್ರಮ ತಿರುವುಮುರುವಾಯಿತು.

ಮನೆಗಳ ಬೆಳಕಿಗೂ ಟ್ರಸ್ಟ್ ಒಂದು ಲೆಕ್ಕ ಹಾಕಿತು. ಕೋಣೆಯ ಕಿಟಕಿಗೆ ಎದುರಾಗಿರುವ ಕಟ್ಟಡದ ನೆತ್ತಿಯು ನೆಲದಿಂದ ಅರವತ್ತಮೂರೂವರೆ ಅಂಶದ ಓರೆಗೆರೆಯನ್ನು ಮೀರಬಾರದೆಂಬುದೇ ಆ ನಿಯಮ. ಸರಳವಾಗಿ ಹೇಳುವುದಾದರೆ, ಎರಡು ಕಟ್ಟಡಗಳ ನಡುವೆ ಹತ್ತು ಅಡಿ ತೆರಪಿದ್ದರೆ ಎತ್ತರ ಇಪ್ಪತ್ತು ಅಡಿಗೆ ನಿಲ್ಲಬೇಕು. ನೆಲಮಹಡಿಯ ಬಡವನ ಅಡುಗೆಮನೆಗೂ ಆಕಾಶದ ಒಂದು ತುಣುಕು ಕಾಣಲಿ ಎಂಬ ಕಾಳಜಿ ಈ ತ್ರಿಕೋನಮಿತಿಯಲ್ಲಿ ಅಡಗಿದೆ.

ಐದು ತೋಟಗಳು, ಒಬ್ಬ ಎಂಜಿನಿಯರ್

ಟ್ರಸ್ಟಿನಲ್ಲಿ ಎಂಜಿನಿಯರಾಗಿದ್ದ ಮಂಚೇರ್ಜಿ ಎದುಲ್ಜಿ ಜೋಶಿಯವರು ಮಧ್ಯಮ ವರ್ಗದ ಪಾರ್ಸಿಗಳಿಗಾಗಿ 103 ನಿವೇಶನಗಳನ್ನು ಮೀಸಲಿಡುವಂತೆ ಅಧಿಕಾರಿಗಳ ಮನವೊಲಿಸಿದರು. ಹೀಗೆ ಹುಟ್ಟಿದ ದಾದರ್ ಪಾರ್ಸಿ ಕಾಲೊನಿಗೆ ಕೋಟೆಯಿಲ್ಲ, ಹೆಬ್ಬಾಗಿಲಿಲ್ಲ. ಮಹಡಿಗಳ ಸಂಖ್ಯೆಗೆ ಮಿತಿಯಿತ್ತು. ಒಂದೊಂದು ಬೀದಿಗೆ ಒಂದೊಂದು ಜಾತಿಯ ಮರವೆಂಬ ನಿಯಮವೂ ಇತ್ತು. ಫಿರ್ದೌಸಿ ರಸ್ತೆಯ ಮಹೋಗನಿ ಮರಗಳ ಚಪ್ಪರದಡಿ ನಡೆದವರಿಗೆ ವೈಶಾಖದ ಬಿಸಿಲು ಎಷ್ಟೋ ಪಾಲು ಕಡಿಮೆಯೆನಿಸುತ್ತದೆ.

ಇದರ ನೆರೆಯಲ್ಲಿರುವ 'ಫೈವ್ ಗಾರ್ಡನ್ಸ್' ಇಂದು ಮಂಚೇರ್ಜಿ ಜೋಶಿಯವರ ಹೆಸರನ್ನೇ ಹೊತ್ತಿದೆ. ಒಂದೇ ದೊಡ್ಡ ಬಯಲನ್ನು ರಸ್ತೆಗಳು ಐದಾಗಿ ವಿಭಾಗಿಸಿರುವುದರಿಂದ ಪ್ರತಿ ತೋಟಕ್ಕೂ ತನ್ನದೇ ಬಳಗ ಏರ್ಪಟ್ಟಿದೆ. ಒಂದರಲ್ಲಿ ಮಕ್ಕಳ ಚೆಂಡಾಟವಾದರೆ ಇನ್ನೊಂದರಲ್ಲಿ ವೃದ್ಧರ ಹರಟೆ. ಮತ್ತೊಂದರಲ್ಲಿ ಮುಂಜಾನೆಯ ಯೋಗಾಸನ. ಹತ್ತಿರದ ವಿ.ಜೆ.ಟಿ.ಐ. ತಾಂತ್ರಿಕ ಸಂಸ್ಥೆ, ಖಾಲ್ಸಾ ಕಾಲೇಜು, ರಾಸಾಯನಿಕ ತಂತ್ರಜ್ಞಾನ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಪರೀಕ್ಷೆಯ ದಿನಗಳಲ್ಲಿ ಇದೇ ತೆರೆದ ವಾಚನಾಲಯ.

ಪಕ್ಕದ ಹಿಂದೂ ಕಾಲೊನಿಯಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರರು 1930ರ ದಶಕದ ಆರಂಭದಲ್ಲಿ 'ರಾಜಗೃಹ'ವನ್ನು ಕಟ್ಟಿಸಿದರು. ಮನೆಯನ್ನು ಕಟ್ಟುವಾಗಲೇ ಪುಸ್ತಕಗಳಿಗೆ ಸ್ಥಳವನ್ನು ನಿಗದಿಪಡಿಸಿದ್ದು ಆ ಮನೆಯ ಹಿರಿಮೆ.

ಹಿತ್ತಿಲಿಲ್ಲದ ಮನೆ, ಊರಿಗೆಲ್ಲ ಒಂದೇ ಅಂಗಳ

1920 ಮತ್ತು 30ರ ದಶಕಗಳಲ್ಲಿ ರೈಲ್ವೆ, ಬ್ಯಾಂಕು, ಸರಕಾರಿ ಕಚೇರಿಗಳಲ್ಲಿ ಗುಮಾಸ್ತೆಗಿರಿಗೆಂದು ಬಂದ ದಕ್ಷಿಣ ಭಾರತೀಯ ಕುಟುಂಬಗಳು ಮಾಟುಂಗದ ಹೊಸ ಕಟ್ಟಡಗಳಲ್ಲಿ ಬಾಡಿಗೆಗೆ ನೆಲೆಸಿದವು. ಕಚೇರಿಗೆ ನೇರ ರೈಲಿತ್ತು. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಬಂದರು ಮಾರ್ಗದಲ್ಲಿ ದೇಶದ ಮೊದಲ ವಿದ್ಯುತ್ ರೈಲು ಓಡಿದ ಮೇಲೆ ಉಪನಗರದ ವಾಸ ಇನ್ನಷ್ಟು ಸುಗಮವಾಯಿತು.

ಆದರೆ ಹೊಸ ಮನೆಗಳು ಹೊಸ ಸಂಕಟಗಳನ್ನೂ ತಂದವು. ಊರಿನ ಮನೆಯಲ್ಲಿ ಜಗಲಿಯಿತ್ತು, ಅಂಗಳವಿತ್ತು, ತುಳಸೀಕಟ್ಟೆಯಿತ್ತು, ಹಿತ್ತಿಲಲ್ಲಿ ಬಾವಿಯಿತ್ತು. ಇಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಅದರಾಚೆ ಅದೇ ಸೂರಿನಡಿ ಬಚ್ಚಲು ಮತ್ತು ಶೌಚಾಲಯ. ಮಡಿಯಲ್ಲಿ ಅಡುಗೆ ಮಾಡುವ ಗೃಹಿಣಿಗೆ ಶೌಚಾಲಯ ಮನೆಯೊಳಗೇ ಇರುವುದು ಸುಲಭವಾಗಿ ಒಪ್ಪುವ ಸಂಗತಿಯಾಗಿರಲಿಲ್ಲ. ತುಳಸಿ ಕುಂಡದಲ್ಲಿ ನೆಲೆಗೊಂಡು ಗ್ಯಾಲರಿಗೆ ಬಂದಳು. ರಂಗೋಲಿ ಬಾಗಿಲ ಮುಂದಿನ ಎರಡಡಿ ಹಾಸುಗಲ್ಲಿಗೆ ಕುಗ್ಗಿತು. ಅಂಗಳವನ್ನು ಮಾತ್ರ ಕುಂಡದಲ್ಲಿಡುವುದು ಸಾಧ್ಯವಾಗಲಿಲ್ಲ. ಆ ಕೊರತೆಯನ್ನು ತುಂಬಿದ್ದು ಉದ್ಯಾನ. ಕಿಂಗ್ಸ್ ಸರ್ಕಲ್‌ನ ವೃತ್ತಾಕಾರದ ತೋಟ, ಅಂದರೆ ಇಂದಿನ ಮಾಹೇಶ್ವರಿ ಉದ್ಯಾನ, ಸುತ್ತಲಿನ ನೂರಾರು ಮನೆಗಳಿಗೆ ಒಂದೇ ಅಂಗಳವಾಯಿತು. ಮಕ್ಕಳು ಅಲ್ಲಿ ಆಡಿದರು, ಬಾಣಂತಿಯರು ಹಸುಗೂಸುಗಳಿಗೆ ಸಂಜೆಯ ಗಾಳಿ ಕುಡಿಸಿದರು, ನಿವೃತ್ತರು ಊರಿನ ಕಾಗದಗಳನ್ನು ಒಬ್ಬರಿಗೊಬ್ಬರು ಓದಿ ಹೇಳಿದರು.

ಉದ್ಯಾನದ ಸುತ್ತ ಬದುಕು ಬೆಳೆಯಿತು. ಉಡುಪಿ ಸೀಮೆಯಿಂದ ಬಂದ ಎ. ರಾಮ ನಾಯಕರು 1942ರಲ್ಲಿ ಮಾಟುಂಗ ನಿಲ್ದಾಣದ ಬಳಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಮನೆಯಿಂದ ದೂರವಿದ್ದ ಒಂಟಿ ದುಡಿಮೆಗಾರರಿಗೆ ಬಾಳೆಯೆಲೆಯ ಊಟವಿಕ್ಕಿತು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಭಾವು ದಾಜಿ ರಸ್ತೆಯಲ್ಲಿ ಕನ್ನಡ ನಾಟಕ, ಸಾಹಿತ್ಯಗೋಷ್ಠಿಗಳಿಗೆ ನೆಲೆಯಾಯಿತು. ಶೀವ್‌ನ ಕಡೆಗಿರುವ ಷಣ್ಮುಖಾನಂದ ಸಭೆಯಲ್ಲಿ ಸಂಗೀತ ನೆಲೆಸಿತು. ಮಾರುಕಟ್ಟೆಯಲ್ಲಿ ಬಾಳೆದಿಂಡು, ನುಗ್ಗೆ, ಕರಿಬೇವು, ಕಟ್ಟಿದ ಮಲ್ಲಿಗೆಗಳು ದೊರೆತವು. ಗೌಡ ಸಾರಸ್ವತ ಬಂಧುಗಳು 1950ರ ದಶಕದಲ್ಲಿ ಆರಂಭಿಸಿದ ಗಣೇಶೋತ್ಸವ ಕಿಂಗ್ಸ್ ಸರ್ಕಲ್‌ನ ಹೆಸರನ್ನು ದೇಶಕ್ಕೆಲ್ಲ ಪರಿಚಯಿಸಿತು.

ಶಿವಾಜಿ ಪಾರ್ಕಿನ ಕಟ್ಟೆ

ಹಳಿಗಳ ಪಶ್ಚಿಮಕ್ಕೆ, ಕಡಲಿಗೆ ಸಮೀಪದಲ್ಲಿ ಇನ್ನೊಂದು ಬಯಲಿದೆ. 1925ರಲ್ಲಿ ಮಾಹಿಮ್ ಪಾರ್ಕ್ ಎಂಬ ಹೆಸರಿನಿಂದ ತೆರೆದ ಸುಮಾರು 28 ಎಕರೆಯ ಈ ಮೈದಾನಕ್ಕೆ, ನಗರಸಭಾ ಸದಸ್ಯೆ ಅವಂತಿಕಾಬಾಯಿ ಗೋಖಲೆಯವರ ಒತ್ತಾಸೆಯಿಂದ 1927ರಲ್ಲಿ ಶಿವಾಜಿ ಪಾರ್ಕ್ ಎಂದು ಹೆಸರಾಯಿತು. ಮೈದಾನದ ಸುತ್ತ ಒಂದು ಕಿಲೋಮೀಟರಿಗೂ ಮಿಕ್ಕಿದ ತಗ್ಗು ಗೋಡೆಯಿದೆ. ಮರಾಠಿಗರು ಅದನ್ನು 'ಕಟ್ಟಾ' ಎನ್ನುತ್ತಾರೆ. ನಮ್ಮ ಹಳ್ಳಿಗಳ ಅರಳಿಕಟ್ಟೆಯ ಕೆಲಸವನ್ನೇ, ಬಹುಮಟ್ಟಿಗೆ ಅದೇ ಹೆಸರಿನಿಂದ, ಮಹಾನಗರದ ನಡುವೆ ಆ ಗೋಡೆ ಮಾಡುತ್ತಿದೆ. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಮಹಾಸಭೆಗಳು ಇಲ್ಲಿ ನಡೆದವು. ರಮಾಕಾಂತ ಆಚರೇಕರ್ ಗುರುಗಳ ಕಣ್ಗಾವಲಿನಲ್ಲಿ ಬಾಲಕ ಸಚಿನ್ ತೆಂಡುಲ್ಕರ್ ಬ್ಯಾಟು ಬೀಸಿದ್ದು ಇದೇ ಮಣ್ಣಿನಲ್ಲಿ. ಪ್ರತಿವರ್ಷ ಡಿಸೆಂಬರ್ 6ರಂದು ಸಮೀಪದ ಚೈತ್ಯಭೂಮಿಗೆ ಬರುವ ಲಕ್ಷಾಂತರ ಜನರಿಗೆ ಇದೇ ತಂಗುದಾಣ. ಧ್ವನಿವರ್ಧಕಗಳ ಹಾವಳಿಯಿಂದ ಬೇಸತ್ತ ನಿವಾಸಿಗಳು ನ್ಯಾಯಾಲಯದ ಮೊರೆಹೊಕ್ಕ ಬಳಿಕ 2010ರಲ್ಲಿ ಉಚ್ಚ ನ್ಯಾಯಾಲಯ ಇದನ್ನು ನಿಶ್ಶಬ್ದ ವಲಯವೆಂದು ಸಾರಿತು.

ನೀರಿನ ದಾರಿ

ಯೋಜಿತ ಬಡಾವಣೆಯೆಂಬ ಹೆಮ್ಮೆಗೂ ಒಂದು ಮಿತಿಯಿದೆ. ತುಂಬಿಸಿದ ತಗ್ಗು ನೆಲ ತನ್ನ ಹಳೆಯ ಸ್ವಭಾವವನ್ನು ಮರೆಯುವುದಿಲ್ಲ. ಕಿಂಗ್ಸ್ ಸರ್ಕಲ್, ಹಿಂದ್ಮಾತಾ ಪ್ರದೇಶಗಳು ಬಟ್ಟಲಿನಂತಿವೆ. ಸಮುದ್ರದ ಭರತದ ವೇಳೆಗೆ ಬಿರುಮಳೆ ಸುರಿದರೆ ಚರಂಡಿಯ ನೀರು ಕಡಲಿಗೆ ಇಳಿಯಲಾರದೆ ರಸ್ತೆಯಲ್ಲೇ ನಿಲ್ಲುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ದಾಖಲಾದಾಗ ಇಡೀ ಮುಂಬಯಿಯೇ ಈ ಪಾಠವನ್ನು ಕಲಿಯಿತು. 2021ರಿಂದೀಚೆಗೆ ಹಿಂದ್ಮಾತಾದ ನೀರನ್ನು ದಾದರ್‌ನ ಪ್ರಮೋದ್ ಮಹಾಜನ್ ಉದ್ಯಾನದ ಹಾಗೂ ಪರೇಲಿನ ಸೇಂಟ್ ಝೇವಿಯರ್ ಮೈದಾನದ ನೆಲದಡಿ ಕಟ್ಟಿದ ತೊಟ್ಟಿಗಳಿಗೆ ಸಾಗಿಸಿ, ಇಳಿತದ ವೇಳೆಗೆ ಹೊರಬಿಡುವ ವ್ಯವಸ್ಥೆಯಾಗಿದೆ. ಉದ್ಯಾನವೆಂಬುದು ಕೇವಲ ಅಲಂಕಾರವೆಂದು ತಿಳಿದವರು ಇದನ್ನು ಗಮನಿಸಬೇಕು. ಅಂದು ಆ ನೆಲದ ಮೇಲೆ ಗೋಪುರಗಳು ಎದ್ದಿದ್ದರೆ ಇಂದು ಆ ನೀರಿಗೆ ಎಡೆಯೆಲ್ಲಿರುತ್ತಿತ್ತು?

ಸೇತುವೆಯಡಿಯ ನರ್ಮದೆ

ನೆರೆಹೊರೆಯವರು ಮನಸ್ಸು ಮಾಡಿದರೆ ಏನಾಗಬಹುದೆಂಬುದಕ್ಕೆ ಕಿಂಗ್ಸ್ ಸರ್ಕಲ್‌ನ ಮೇಲ್ಸೇತುವೆಯೇ ಸಾಕ್ಷಿ. ಸೇತುವೆಯ ಕೆಳಗಿನ ಸ್ಥಳ ವಾಹನಗಳ ಅನಧಿಕೃತ ನಿಲುಗಡೆಗೂ ಕಸಕಡ್ಡಿಗೂ ಈಡಾಗುವ ಲಕ್ಷಣ ಕಂಡಾಗ ಸ್ಥಳೀಯರು ಸುಮ್ಮನೆ ಕೂಡಲಿಲ್ಲ. ತಾವೇ ಕಾವಲು ಏರ್ಪಡಿಸಿದರು, ನಗರಪಾಲಿಕೆಯ ಕದವನ್ನು ಬಿಡದೆ ತಟ್ಟಿದರು. ಫಲವಾಗಿ 2016ರಲ್ಲಿ ನಾನಾಲಾಲ್ ಡಿ. ಮೆಹತಾ ಉದ್ಯಾನ ತೆರೆಯಿತು. ಸುಮಾರು 600 ಮೀಟರ್ ಉದ್ದದ ಅದರ ಕಾಲ್ದಾರಿ ನರ್ಮದಾ ನದಿಯ ಪಾತ್ರದಂತೆ ಬಳುಕುತ್ತ ಸಾಗುತ್ತದೆ. ಮೇಲೆ ಲಾರಿಗಳ ಗುಡುಗು, ಕೆಳಗೆ ನರ್ಮದೆಯ ಪರಿಕ್ರಮ!

ಮುಂದೇನು?

ಇಂದಿನ ಮುಂಬಯಿಯಲ್ಲಿ ಒಬ್ಬ ನಾಗರಿಕನ ಪಾಲಿಗೆ ಬರುವ ತೆರೆದ ಸ್ಥಳ ಸುಮಾರು ಒಂದು ಚದರ ಮೀಟರಿನ ಆಸುಪಾಸು, ಎಂದರೆ ಒಂದು ಊಟದ ಮಣೆ, ಎಲೆ ಹಾಕುವಷ್ಟು ಜಾಗ. ಹಳೆಯ ಕಟ್ಟಡಗಳು ಜೀರ್ಣವಾಗಿವೆ; ಲಿಫ್ಟಿಲ್ಲದ ಮಹಡಿಗಳನ್ನು ಹತ್ತಿಳಿಯುವುದು ವೃದ್ಧರಿಗೆ ದುಸ್ತರ. 2012ರಲ್ಲಿ ಈ ಬಡಾವಣೆಗಳನ್ನು ಪಾರಂಪರಿಕ ಪಟ್ಟಿಗೆ ಸೇರಿಸುವ ಪ್ರಸ್ತಾಪ ಬಂದಾಗ ನಿವಾಸಿಗಳಲ್ಲಿಯೇ ಎರಡು ಪಕ್ಷಗಳಾದವು. ಸೋರುವ ಸೂರಿನಡಿ ಬದುಕುವವನಿಗೆ ಪರಂಪರೆಯ ಉಪದೇಶ ರುಚಿಸದು. ಅದು ಅವನ ತಪ್ಪೂ ಅಲ್ಲ. ಆದರೆ ಮೂರು ಮಹಡಿಯ ಜಾಗದಲ್ಲಿ ಮೂವತ್ತು ಮಹಡಿ ಎದ್ದಾಗ ಅರವತ್ತಮೂರೂವರೆ ಅಂಶದ ಆ ಹಳೆಯ ಗೆರೆ ಎಲ್ಲಿ ಉಳಿಯುತ್ತದೆ? ಹತ್ತು ಪಟ್ಟು ಹೆಚ್ಚಿದ ಜನರಿಗೆ ಅದೇ ಐದು ತೋಟಗಳು ಸಾಲುತ್ತವೆಯೇ? ಮನೆಗಳು ಹೊಸದಾಗಲೇಬೇಕು, ಆದರೆ ಅವುಗಳ ಜೊತೆಗೆ ಬಯಲೂ ಬೆಳೆಯಬೇಕು. ಬೆಳೆಸಲಾಗದಿದ್ದರೆ, ಇದ್ದುದನ್ನಾದರೂ ಒಂದಡಿಯೂ ಕುಗ್ಗದಂತೆ ಕಾಯಬೇಕು.

ನಮ್ಮ ಹಿರಿಯರು ಯಜ್ಞಾದಿಗಳನ್ನು 'ಇಷ್ಟ'ವೆಂದೂ, ಬಾವಿ ಕೆರೆಗಳನ್ನು ತೋಡಿಸುವುದು, ಅನ್ನದಾನ, ಉದ್ಯಾನ ನಿರ್ಮಾಣಗಳನ್ನು 'ಪೂರ್ತ'ವೆಂದೂ ಕರೆದು ಎರಡನ್ನೂ ಧರ್ಮವೆಂದೇ ಎಣಿಸಿದರು. ಮರ ನೆಟ್ಟವನು ಅದರ ನೆರಳಿನಲ್ಲಿ ಕೂರುವುದು ಅಪರೂಪ. ಪ್ಲೇಗಿನಲ್ಲಿ ತಮ್ಮವರನ್ನು ಕಳೆದುಕೊಂಡ ಒಂದು ತಲೆಮಾರು ಮುಂದಿನವರಿಗಾಗಿ ಬಿಟ್ಟುಹೋದ ನೆರಳಿನಲ್ಲಿ ಮಾಟುಂಗ ಇಂದು ಕುಳಿತಿದೆ. ಆ ಋಣ ತೀರಬೇಕಾದರೆ ಇನ್ನೊಂದು ತಲೆಮಾರಿಗೆ ಅಷ್ಟೇ ನೆರಳನ್ನು ಉಳಿಸಿಕೊಡಬೇಕು.