ನವೆಯ ಶಾಸ್ತ್ರಚರಿತ್ರೆಯಲ್ಲಿ ಭಂಗಿಯ ಗ್ರಾಹಕಗಳು

ತುರಿಸಿಕೊಳ್ಳಬೇಕೆಂಬ ಬಯಕೆಯನ್ನು ಹುಟ್ಟಿಸುವ ಅಹಿತವಾದ ಸಂವೇದನೆಯೇ ನವೆ ಎಂದು ಜರ್ಮನ್ ವೈದ್ಯನಾದ ಸ್ಯಾಮ್ಯುಯೆಲ್ ಹಾಫೆನ್‌ರೆಫರನು ೧೬೬೦ರಲ್ಲಿ ನಿರೂಪಿಸಿದನು. ಈ ಲಕ್ಷಣವನ್ನು ವೈದ್ಯಗ್ರಂಥಗಳು ಇಂದಿಗೂ ಕೈಬಿಟ್ಟಿಲ್ಲ. ಆದರೂ ನವೆಯು ಮಂದವಾದ ನೋವೇ ಹೊರತು ಬೇರೆಯಲ್ಲವೆಂಬ ಮತವು ಇಪ್ಪತ್ತನೆಯ ಶತಮಾನದಲ್ಲಿಯೂ ಬಹುಕಾಲ ಪ್ರಬಲವಾಗಿತ್ತು. ಇದು ಅಷ್ಟು ದಿನ ಉಳಿದುದು ನಮಗೆ ಆಶ್ಚರ್ಯವಾಗಿಯೇ ತೋರುತ್ತದೆ. ನೋವಾದೆಡೆಯಿಂದ ಅಂಗವು ಹಿಂದೆಗೆಯುತ್ತದೆ; ನವೆಯೆದ್ದೆಡೆಗೆ ಕೈ ತಾನಾಗಿ ಹೋಗುತ್ತದೆ. ನೋವನ್ನು ತಣಿಸುವ ಮಾರ್ಫೀನೇ ಎಷ್ಟೋ ರೋಗಿಗಳಲ್ಲಿ ನವೆಯನ್ನೆಬ್ಬಿಸುತ್ತದೆ. ಚರಕಸಂಹಿತೆಯಂತೂ ಕಂಡೂಘ್ನ, ವೇದನಾಸ್ಥಾಪನ ಎಂದು ಎರಡು ಬೇರೆ ಔಷಧವರ್ಗಗಳನ್ನೇ ಹೇಳಿದೆ. ಹಿಸ್ಟಮೀನಿನಿಂದಾಗುವ ನವೆಗೆ ಹೊಂದಿಕೊಂಡು ಪ್ರತಿಕ್ರಿಯಿಸುವ ನರತಂತುಗಳನ್ನು ಜರ್ಮನಿಯ ಸಂಶೋಧಕರು ಮಾನವಚರ್ಮದಲ್ಲಿ ಗುರುತಿಸಿದುದು ೧೯೯೭ರಲ್ಲಿ.

ಭಂಗಿಯ ಅಧ್ಯಯನವು ಬೇರೊಂದು ದಾರಿಯಲ್ಲಿ ನಡೆದು ಬಂದಿತು. ೧೮೩೯ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ಓಷಾಗ್ನೆಸ್ಸಿಯು ಅದನ್ನು ವಾತ, ಧನುರ್ವಾಯು ಮುಂತಾದ ರೋಗಗಳಲ್ಲಿ ಪ್ರಯೋಗಿಸಿ ನೋಡಿದನು. ಅದರ ಮುಖ್ಯ ಮಾದಕಾಂಶವನ್ನು ಇಸ್ರೇಲಿನಲ್ಲಿ ಗಾವೋನಿ, ಮೆಕೌಲಮ್ ಇಬ್ಬರೂ ಶುದ್ಧರೂಪದಲ್ಲಿ ಬೇರ್ಪಡಿಸಿ, ೧೯೬೪ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಆ ಅಂಶವು ಬಂದು ಕೂಡುವ ಗ್ರಾಹಕವು ಇಲಿಯ ಮಿದುಳಿನಲ್ಲಿ ೧೯೮೮ರಲ್ಲಿ ದೊರೆಯಿತು. ದೇಹವು ತಾನೇ ತಯಾರಿಸುವ ಅಂಥ ದ್ರವ್ಯವೊಂದು ೧೯೯೨ರಲ್ಲಿ ಹಂದಿಯ ಮಿದುಳಿನಿಂದ ಸಿಕ್ಕಿತು. ಅದಕ್ಕೆ ಸಂಸ್ಕೃತದ ‘ಆನಂದ’ ಶಬ್ದದಿಂದ ಆನಂದಮೈಡ್ ಎಂದು ಹೆಸರಾಯಿತು.

ಈ ಎರಡು ದಾರಿಗಳೂ ಕೂಡಿದ ಬಗೆಯೇ ನಮಗೆ ಮುಖ್ಯವಾದುದು. ಮೊದಲ ಗ್ರಾಹಕವನ್ನು ತಡೆಯುವ ರಿಮೊನಬಂಟ್ ಎಂಬ ದ್ರವ್ಯವು ೧೯೯೪ರಲ್ಲಿ ಹೊರಬಂದಿತು. ಭಂಗಿಯ ಅಂಶಕ್ಕೆ ಒಗ್ಗಿದ ಇಲಿಗಳಿಗೆ ಅದನ್ನು ಕೊಟ್ಟಾಗ ಅವು ಮೈಯನ್ನು ಎಡೆಬಿಡದೆ ಕೆರೆದುಕೊಂಡವು. ಸಂಶೋಧಕರು ಆ ಕೆರೆತವನ್ನು ಎಣಿಸಿದರು ನಿಜ. ಆದರೆ ಚಟ ತಪ್ಪಿದ ಲಕ್ಷಣವೆಂದು ಎಣಿಸಿದರು. ಭಂಗಿಯ ಸೋಂಕೇ ಇಲ್ಲದ ಸುಂಡಿಲಿಗಳೂ ಹಾಗೆಯೇ ಕೆರೆದುಕೊಂಡುದನ್ನು ಕಂಡಮೇಲೆ ಆ ವಿವರಣೆಯೊಂದೇ ಸಾಲದಾಯಿತು. ದೇಹದಲ್ಲಿಯೇ ನವೆಗೊಂದು ಕಡಿವಾಣವಿದ್ದು, ಔಷಧವು ಅದನ್ನು ಸಡಿಲಿಸಿತೆಂದು ಊಹಿಸಲು ಅವಕಾಶವಾಯಿತು. ಆದರೆ ಇಲಿಯು ಕೆರೆದುಕೊಂಡಿತೆಂದ ಮಾತ್ರಕ್ಕೆ ಅದಕ್ಕೆ ನವೆಯಾಯಿತೆಂದು ಹೇಳಬಹುದೆ? ಇಲಿ ಬಾಯಿಬಿಟ್ಟು ಹೇಳಲಾರದು. ಈ ಸಂಶಯವನ್ನು ಸ್ವಲ್ಪಮಟ್ಟಿಗೆ ಕಳೆದುದು ಮನುಷ್ಯರ ಮೇಲಿನ ೨೦೦೩ರ ಪ್ರಯೋಗ: ಗ್ರಾಹಕವನ್ನು ಪ್ರಚೋದಿಸುವ ಕೃತಕದ್ರವ್ಯವನ್ನು ಚರ್ಮಕ್ಕೆ ಸೇರಿಸಿದಾಗ ಹಿಸ್ಟಮೀನಿನ ನವೆ ತಗ್ಗಿತೆಂದು ಅವರೇ ತಿಳಿಸಿದರು. ಆನಂದಮೈಡನ್ನು ಒಡೆಯುವ ಕಿಣ್ವವನ್ನು ತಡೆದರೆ ಸುಂಡಿಲಿಗಳ ಕೆರೆತ ಕಡಮೆಯಾಗುವುದೆಂದೂ, ಮೊದಲ ಗ್ರಾಹಕವನ್ನು ಮುಚ್ಚಿದರೆ ಆ ಫಲವು ದೊರೆಯದೆಂದೂ ೨೦೦೯ರಲ್ಲಿ ಪ್ರಕಟವಾಯಿತು.

ಮೂತ್ರಪಿಂಡಗಳು ಕೆಟ್ಟು ಯಂತ್ರದಿಂದ ರಕ್ತವನ್ನು ಶೋಧಿಸಿಕೊಳ್ಳುವವರಲ್ಲಿ ಅನೇಕರಿಗೆ ನವೆಯಿಂದ ರಾತ್ರಿಯ ನಿದ್ರೆಯಿಲ್ಲ. ಅಂಥ ೨೧ ಮಂದಿಗೆ ಪೋಲೆಂಡಿನ ವೈದ್ಯರು ಆನಂದಮೈಡಿಗೆ ಸಂಬಂಧಿಸಿದ ದ್ರವ್ಯಗಳನ್ನು ಬೆರೆಸಿದ ಲೇಪವನ್ನು ಮೂರು ವಾರ ಹಚ್ಚಿಸಿ, ೨೦೦೫ರಲ್ಲಿ ವರದಿಮಾಡಿದರು. ಎಂಟು ಮಂದಿಗೆ ನವೆ ಪೂರ್ತಿಯಾಗಿ ನಿಂತಿತು. ಆದರೆ ಬರಿಯ ಲೇಪವನ್ನು ಹಚ್ಚಿಸಿಕೊಂಡ ಬೇರೊಂದು ಗುಂಪು ಅಲ್ಲಿರಲಿಲ್ಲ. ಆದುದರಿಂದ ಆ ಗುಣವು ಆ ದ್ರವ್ಯಗಳದೋ ಚರ್ಮವನ್ನು ಮೆದುವಾಗಿಸಿದ ಜಿಡ್ಡಿನದೋ ಎಂಬುದನ್ನು ಆ ವರದಿಯಿಂದ ನಾವು ನಿರ್ಣಯಿಸಲಾರೆವು.